ಇಂಗ್ರಿಡ್ ಯಾರ ಹೆಸರು?

ಸ್ಟಾಕ್‌ಹೋಮ್‌ನಲ್ಲಿ ಸ್ವೀಡಿಷ್ ಕಲಿಸುವುದು ನನ್ನ ಕೆಲಸ. ಓದಿದ್ದು ಹಳೆಯ ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆ. ಹಾಗಾಗಿ ಇಲ್ಲಿ ಪರಿಚಯದ ಕನ್ನಡದವರ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ನನಗೊಂದು ಫೋನ್ ಬಂದೇ ಬರುತ್ತದೆ. "ಇಂಗ್ರಿಡ್ ಅಂತ ಇಡೋಣ ಅಂತಿದ್ದೀವಿ, ಅರ್ಥ ಏನು?" ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲರಿಗೂ ಒಂದೇ ಸಾಲಿನ ಉತ್ತರ ಬೇಕು. ನಾನು ಕೊಡದಿದ್ದರೆ ಇಂಟರ್ನೆಟ್ ಕೊಡುತ್ತದೆ. ಅಲ್ಲಿ ಒಂದು ಕಡೆ 'ವೀರನ ಮಗಳು' ಅಂತಿರುತ್ತದೆ, ಇನ್ನೊಂದು ಕಡೆ 'ಇಂಗ್ ದೇವರ ಸವಾರಿ'. ದಯವಿಟ್ಟು ಎರಡನ್ನೂ ನಂಬಬೇಡಿ.

ಹೆಸರಿನಲ್ಲಿ ಎರಡು ತುಂಡುಗಳಿವೆ. ಮೊದಲನೆಯದು 'ಇಂಗ್'. ಇದು ಯಿಂಗ್ವಿ ಅನ್ನುವ ದೇವರ ಹೆಸರಿಗೆ ಸೇರಿದ್ದು. ಮಳೆ, ಬಿಸಿಲು, ಬೆಳೆ ಕೊಡುವ ಫ್ರೇಯ್ ದೇವರಿಗೇ ಯಿಂಗ್ವಿ ಅಂತಲೂ ಹೆಸರು. ಸ್ವೀಡನ್ನಿನ ಉಪ್ಸಾಲಾದ ಹಳೆಯ ರಾಜರು ತಾವು ಅವನ ವಂಶದವರು ಎಂದು ಹೇಳಿಕೊಳ್ಳುತ್ತಿದ್ದರು. ಎರಡನೆಯದು 'ಫ್ರೀದ್ರ್', ಅಂದರೆ ಚೆಲುವೆ. ಜೋಡಿಸುವಾಗ 'ಫ' ಉದುರಿಹೋಗಿದೆ. ಸಿಗ್ರಿಡ್, ಆಸ್ಟ್ರಿಡ್ ಹೆಸರುಗಳ ಕೊನೆಯಲ್ಲೂ ಇದೇ ತುಂಡು ಇದೆ. ಸವಾರಿಯ ಕಥೆ ಹುಟ್ಟಿದ್ದು ಆ 'ಫ' ಕಾಣದೆ ಹೋದದ್ದರಿಂದ; ಉಳಿದ ತುಂಡು ನಾರ್ಸ್‌ನಲ್ಲಿ ಸವಾರಿ ಮಾಡು ಅನ್ನುವ ಪದದ ಹಾಗೆ ಕಾಣುತ್ತದೆ. ನಮ್ಮ 'ಪ್ರಿಯ', 'ಪ್ರೀತಿ'ಗಳಿಗೆ ಈ ಫ್ರೀದ್ರ್ ದೂರದ ನೆಂಟ ಅನ್ನುವುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಇದನ್ನು ಹೇಳಿದ ಕೂಡಲೇ ಫೋನಿನ ಆ ಕಡೆಯಿಂದ ಖುಷಿಯ ದನಿ: "ಹಾಗಾದ್ರೆ ದೇವರಿಗೆ ಪ್ರಿಯಳಾದವಳು!"

ಇಲ್ಲೇ ನನಗೆ ತಾಳ್ಮೆ ಕೆಡುವುದು. ಎರಡು ತುಂಡಿಗೂ ಅರ್ಥ ಇದೆ, ನಿಜ. ಆದರೆ ಎರಡನ್ನು ಸೇರಿಸಿ ಒಂದು ವಾಕ್ಯ ಮಾಡಬಾರದು. ಇದು ಪದ್ಮಾಕ್ಷಿಯನ್ನು ಬಿಡಿಸಿದ ಹಾಗೆ ಬಿಡಿಸುವ ಸಮಾಸ ಅಲ್ಲ. ಗುನ್‌ಹಿಲ್ಡ್ ಅನ್ನುವ ಹೆಸರು ನೋಡಿ. 'ಗುನ್' ಅಂದರೆ ಯುದ್ಧ, 'ಹಿಲ್ಡ್' ಅಂದರೂ ಯುದ್ಧ. ಹಿಲ್ಡೆಗುನ್ ಅಂತ ತಿರುಗಿಸಿದರೂ ಅದೇ. ಯಾವ ತಾಯಿ ತನ್ನ ಕೂಸಿಗೆ 'ಯುದ್ಧಯುದ್ಧ' ಅಂತ ಹೆಸರಿಡುತ್ತಾಳೆ ಹೇಳಿ? ಆ ತುಂಡುಗಳು ಮನೆತನದಿಂದ ಬಂದವು. ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು ತೆಗೆದು ಜೋಡಿಸುತ್ತಿದ್ದರು. ಇಲ್ಲವೇ ತೀರಿಕೊಂಡ ಹಿರಿಯರ ಹೆಸರನ್ನೇ ಪೂರ್ತಿ ಇಡುತ್ತಿದ್ದರು.

ಐಸ್‌ಲ್ಯಾಂಡಿನ ಕವಿ ಎಗಿಲ್ ಸ್ಕಾಲಗ್ರಿಮ್ಸನ್‌ನ ಮನೆಯನ್ನೇ ತಗೊಳ್ಳಿ. ಹತ್ತನೇ ಶತಮಾನದವನು. ಹೆಂಡತಿ ಆಸ್‌ಗೆರ್ಡ್, ಮಗಳು ತೋರ್‌ಗೆರ್ಡ್. ಕೊನೆಯ ತುಂಡು ಇಬ್ಬರದೂ ಒಂದೇ. ಇನ್ನೊಬ್ಬ ಮಗಳು ಬೇರಾ. ಅದು ಎಗಿಲ್‌ನ ತಾಯಿಯ ಹೆಸರು. ಅವನ ಅಣ್ಣ ತೋರೊಲ್ಫ್. ನಾರ್ವೆಯ ರಾಜ ಹೆರಾಲ್ಡ್‌ನಿಂದ ಸತ್ತ ದೊಡ್ಡಪ್ಪನ ಹೆಸರೂ ಅದೇ. ಅಂದಹಾಗೆ ಅಜ್ಜಿ ಬೇರಾಳ ಅಪ್ಪ ಯಿಂಗ್ವರ್, ನಮ್ಮ 'ಇಂಗ್' ಅಲ್ಲೂ ಇದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮವರಿಗೆ ಇದು ಹೊಸದೇನಲ್ಲ, ಅಲ್ವಾ? ಆದರೂ ಹೆಸರು ಸ್ಕ್ಯಾಂಡಿನೇವಿಯಾದ್ದು ಅಂದ ಕೂಡಲೇ ಯಾಕೋ ಇದನ್ನೆಲ್ಲ ಮರೆತು ಡಿಕ್ಷನರಿ ಹಿಡಿಯುತ್ತಾರೆ.

ಕಾರು ಇದ್ದವರಿಗೆ ನಾನು ಹೇಳುವುದು ಇಷ್ಟೇ, ಒಮ್ಮೆ ಹಿಲ್ಲರ್ಷೋಗೆ ಹೋಗಿ ಬನ್ನಿ. ಮ್ಯಾಲರೆನ್ ಸರೋವರದ ಫ್ಯಾರಿಂಗ್ಸೋ ದ್ವೀಪದ ಆ ಜಾಗದಲ್ಲಿ ಹನ್ನೊಂದನೇ ಶತಮಾನದ ಶಾಸನವೊಂದಿದೆ, ರೂನ್ ಎಂಬ ಹಳೆಯ ಲಿಪಿಯಲ್ಲಿ. 'ಓದು ನೀನು' ಅಂತ ಶುರುವಾಗುತ್ತದೆ. ಗೇರ್‌ಲೌಗ್ ಎಂಬ ಹೆಂಗಸಿನ ಮೊದಲ ಗಂಡ ಮುಳುಗಿ ಸತ್ತ, ಮಗನೂ ಸತ್ತ. ಎರಡನೇ ಮದುವೆಯ ಮಕ್ಕಳಲ್ಲಿ ಉಳಿದವಳು ಒಬ್ಬಳೇ, ಇಂಗಾ. ಆ ಇಂಗಾಳ ಗಂಡ ಸತ್ತ, ಮಗ ಸತ್ತ, ಮಗನ ಆಸ್ತಿ ಅವಳಿಗೆ ಬಂತು. ಮತ್ತೆ ಮದುವೆಯಾದಳು, ಆಮೇಲೆ ಅವಳೂ ಸತ್ತಳು. ಕೊನೆಗೆ ಎಲ್ಲ ಬಂದು ಸೇರಿದ್ದು ತಾಯಿ ಗೇರ್‌ಲೌಗ್‌ಗೆ. ಕೊರೆದವನು ತೋರ್ಬ್ಯೋರ್ನ್ ಎಂಬ ಕವಿ. ಇಂಗ್ರಿಡ್‌ಳಲ್ಲಿರುವ 'ಇಂಗ್' ಬದುಕಿದ್ದು ಇಂಥ ಮನೆಗಳಲ್ಲಿ. ಆ ಸಾಲುಗಳ ಮುಂದೆ ನಿಂತಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅರಮನೆಯಲ್ಲೂ ಇದೇ ಪದ್ಧತಿ. ಸ್ವೀಡನ್ನಿನ ರಾಜಕುಮಾರಿ ಇಂಗ್ರಿಡ್ ಹುಟ್ಟಿದ್ದು 1910ರಲ್ಲಿ. ತಾಯಿ ಮಾರ್ಗರೆಟ್. ಇಂಗ್ರಿಡ್ ಡೆನ್ಮಾರ್ಕಿಗೆ ಸೊಸೆಯಾಗಿ ಹೋಗಿ, 1940ರಲ್ಲಿ ಹುಟ್ಟಿದ ಮಗಳಿಗೆ ತಾಯಿಯ ಹೆಸರನ್ನೇ ಇಟ್ಟಳು, ಮಾರ್ಗ್ರೇತೆ. ಅದೇ ಮಗಳ ಪೂರ್ತಿ ಹೆಸರಿನ ಕೊನೆಗೆ 'ಇಂಗ್ರಿಡ್' ಕೂಡ ಇದೆ. 2007ರಲ್ಲಿ ಹುಟ್ಟಿದ, ಮಾರ್ಗ್ರೇತೆಯ ಮೊಮ್ಮಗಳು ಇಸಬೆಲ್ಲಾಳ ಹೆಸರಿನಲ್ಲಿ ಇಂಗ್ರಿಡ್, ಮಾರ್ಗ್ರೇತೆ ಎರಡೂ ಅಕ್ಕಪಕ್ಕ ಬಂದಿವೆ.

ಹೋದ ವರ್ಷ ಹುಬ್ಬಳ್ಳಿ ಕಡೆಯ ದಂಪತಿಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ಬಾಣಂತನಕ್ಕೆ ಬಂದಿದ್ದ ಅಜ್ಜಿ ಸುಮ್ನೆ ಕೂತು ಕೇಳುತ್ತಿದ್ದವರು, "ಅದೆಲ್ಲಾ ಇರ್ಲಿ, ನಮ್ಮನಿಯಾಗ ಇದು ಯಾರ ಹೆಸರು?" ಅಂದರು. ನಾನು ಬಯಸುವ ಪ್ರಶ್ನೆ ಅದೇ. ಮಗ ಸೊಸೆ ಮುಖ ಮುಖ ನೋಡಿಕೊಂಡರು. ಇಲ್ಲಿ ಮಗು ಹುಟ್ಟಿ ಮೂರು ತಿಂಗಳೊಳಗೆ ತೆರಿಗೆ ಇಲಾಖೆಗೆ ಹೆಸರು ತಿಳಿಸಬೇಕು. ಒಂದಕ್ಕಿಂತ ಜಾಸ್ತಿ ಹೆಸರು ಕೊಡಬಹುದು. ಅವರು ಇಂಗ್ರಿಡ್ ಜೊತೆಗೆ ಆ ಅಜ್ಜಿಯ ತಾಯಿಯ ಹೆಸರನ್ನೂ ಬರೆದು ಕಳಿಸಿದರು.