ಬ್ರೇಕ್ ಪೈಪಿನೊಳಗೊಂದು ಗುಳ್ಳೆ

ಬ್ರೇಕ್ ಪೆಡಲ್ ಮೆತ್ತಗಾಗಿ ಒಳಕ್ಕೆ ಇಳಿಯುತ್ತಿದ್ದರೆ ಗ್ಯಾರೇಜಿನವರು ಹೇಳುವುದು ಒಂದೇ ಮಾತು: ‘ಏರ್ ಹಿಡಿದಿದೆ ಸಾರ್, ಬ್ಲೀಡ್ ಮಾಡ್ಬೇಕು.’ ಅಂದರೆ ಬ್ರೇಕ್ ದ್ರವದ ಪೈಪಿಗೆ ಸೇರಿದ ಗಾಳಿಯನ್ನು ಹೊರಬಿಡಬೇಕು. ಎಷ್ಟು ಗಾಳಿ ಸೇರಿದರೆ ಹೀಗಾಗುತ್ತದೆ? ಪೆಡಲ್ ಒತ್ತಿದಾಗ ಪಿಸ್ಟನ್ನಿನಿಂದ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20 ಮಿ.ಮೀ. ಎಂದುಕೊಳ್ಳಿ. ಪಿಸ್ಟನ್ನಿನ ವಿಸ್ತೀರ್ಣ 3 ಚದರ ಸೆಂ.ಮೀ.ಗಿಂತ ತುಸು ಹೆಚ್ಚು. ಪೈಪಿನಲ್ಲಿ 1 ಸಿಸಿ ಗಾಳಿ, ಅಂದರೆ ಗೋಲಿಗಿಂತ ಚಿಕ್ಕದೊಂದು ಗುಳ್ಳೆ ಇದೆ. ಒತ್ತಡ ಹತ್ತು ಪಟ್ಟಾಗುವಷ್ಟರಲ್ಲಿ ಬಾಯ್ಲ್ ನಿಯಮದಂತೆ ಅದು ಹತ್ತನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಖಾಲಿಯಾದ 0.9 ಸಿಸಿ ಜಾಗ ತುಂಬಲು ಪಿಸ್ಟನ್ ಸುಮಾರು 3 ಮಿ.ಮೀ. ಮುಂದೆ ಸರಿಯಬೇಕು. ಪೆಡಲ್ ಒಂದು ಸನ್ನೆಕೋಲು. ಅದರ ಅನುಪಾತ ನಾಲ್ಕಾದರೆ ಕಾಲು 12 ಮಿ.ಮೀ. ಹೆಚ್ಚು ಕೆಳಗಿಳಿಯುತ್ತದೆ. ಇಷ್ಟೂ ಚಲನೆ ವ್ಯರ್ಥ. ಚಕ್ರಕ್ಕೆ ತಲುಪುವುದು ಏನೂ ಇಲ್ಲ.

ಹಳೆಯ ಪದ್ಧತಿಗೆ ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಚಕ್ರದ ಬಳಿ ಬ್ಲೀಡರ್ ನಿಪ್ಪಲ್ (ಗಾಳಿ ಹೊರಬಿಡುವ ಟೊಳ್ಳು ತಿರುಪು) ಸಡಿಲಿಸಿ, ಪೆಡಲ್ ಮೇಲೆ ಬರುವ ಮೊದಲೇ ಬಿಗಿಮಾಡುತ್ತಾನೆ. ವ್ಯಾಕ್ಯೂಮ್ ಪಂಪ್ ಇದ್ದರೆ ಒಬ್ಬನೇ ಸಾಕು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್, ಅದರಾಚೆ ದ್ರವ ಬೀಳಲು ಒಂದು ಬಾಟಲಿ, ಅದಕ್ಕೆ ಕೈಪಂಪು.

ಆದರೆ ದ್ರವವನ್ನು ಹೊರದಬ್ಬುವ ಬಲ ಪಂಪಿನದಲ್ಲ. ಬಾಟಲಿಯಲ್ಲಿ ಗಾಳಿ ಕಡಿಮೆಯಾದಾಗ, ಆಚೆ ತುದಿಯಲ್ಲಿ ಬ್ರೇಕ್ ದ್ರವ ತುಂಬಿಡುವ ಟ್ಯಾಂಕಿನ ಮೇಲೆ ಕೂತಿರುವ ವಾಯುಮಂಡಲವೇ ದ್ರವವನ್ನು ಇತ್ತ ತಳ್ಳುತ್ತದೆ. ಹಾಗಾಗಿ ಎಷ್ಟೇ ಪಂಪು ಹೊಡೆದರೂ ಬಲಕ್ಕೊಂದು ಮಿತಿಯಿದೆ: ಸಮುದ್ರಮಟ್ಟದಲ್ಲಿ 760 ಮಿ.ಮೀ. ಪಾದರಸ, ಬೆಂಗಳೂರಿನ ಎತ್ತರದಲ್ಲಿ 680ರ ಆಸುಪಾಸು. ಕಾಲಿನಿಂದ ಜೋರಾಗಿ ಬ್ರೇಕ್ ಹಾಕಿದಾಗ ಅದೇ ಪೈಪಿನಲ್ಲಿ ಇದರ 70 ಪಟ್ಟು ಒತ್ತಡ ಹುಟ್ಟಬಹುದು. ಪೈಪಿನ ಏರುತಿರುವಿನಲ್ಲಿ ಅಂಟಿಕೊಂಡ ಹಟಮಾರಿ ಗುಳ್ಳೆಯನ್ನು ಪಂಪಿನ ನಿಧಾನ ಹರಿವು ಹಾಗೇ ಬಿಟ್ಟು ಹೋಗುವುದುಂಟು.

ಇನ್ನೊಂದು ತಮಾಷೆಯೆಂದರೆ ಸುಳ್ಳು ಗುಳ್ಳೆಗಳು. ಸಡಿಲಿಸಿದ ನಿಪ್ಪಲ್‌ನ ಮರೆಗಳ (ತಿರುಪಿನ ಸುರುಳಿ ಗೆರೆಗಳ) ಸಂದಿಯಿಂದ ಹೊರಗಿನ ಗಾಳಿಯೇ ಒಳನುಗ್ಗಿ ಟ್ಯೂಬಿನಲ್ಲಿ ಸಾಲುಗಟ್ಟುತ್ತದೆ. ಒತ್ತಡ ಅರ್ಧಕ್ಕಿಳಿದರೆ ಗುಳ್ಳೆ ಎರಡು ಪಟ್ಟು ಊದಿಕೊಳ್ಳುವುದರಿಂದ ಅದು ಭಯಂಕರವಾಗಿಯೂ ಕಾಣುತ್ತದೆ. ಗುಳ್ಳೆ ನಿಲ್ಲಲಿ ಎಂದು ಕಾಯುತ್ತ ಡಬ್ಬಿಗಟ್ಟಲೆ ಬ್ರೇಕ್ ಆಯಿಲ್ ಸುರಿಯುವವರಿದ್ದಾರೆ. ಮರೆಗಳ ಸುತ್ತ ಸ್ವಲ್ಪ ಗ್ರೀಸ್ ಬಳಿದರೆ ಬಹುಪಾಲು ನಿಲ್ಲುತ್ತದೆ. ಡ್ರಮ್ ಬ್ರೇಕಿನಲ್ಲಿ ಸಮಸ್ಯೆ ಬೇರೆ. ಚಕ್ರದೊಳಗೆ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಕಪ್‌ಗಳು ಒಳಗಿನ ಒತ್ತಡಕ್ಕೆ ಅಗಲವಾಗಿ ಗೋಡೆಗೆ ಅಂಟುವಂಥವು. ನಿರ್ವಾತದಲ್ಲಿ ಅವೇ ಕುಗ್ಗಿ ಹೊರಗಿನ ಗಾಳಿಗೆ ದಾರಿ ಕೊಡಬಹುದು. ಅಲ್ಲಿ ನನ್ನ ಮತ ಹಳೆಯ ಇಬ್ಬರ ಪದ್ಧತಿಗೇ.

ಪಂಪಿನ ನಿಜವಾದ ಉಪಯೋಗ ಹಳೆಯ ದ್ರವ ಬದಲಿಸುವುದರಲ್ಲಿದೆ. ಗ್ಲೈಕಾಲ್ ಮೂಲದ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, 3.7 ಶೇಕಡಾ ನೀರು ಸೇರಿದಾಗ ಮಾನದಂಡ ಕೇಳುವುದು 155 ಮಾತ್ರ. ಚಾರ್ಮಾಡಿ ಘಾಟಿ ಇಳಿಯುವಾಗ ಗೇರ್ ಇಳಿಸದೆ ಬ್ರೇಕನ್ನೇ ಒತ್ತುತ್ತ ಬಂದರೆ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಕಾದು, ದ್ರವ ಕುದಿದು, ಒಳಗೇ ಆವಿಯ ಗುಳ್ಳೆ ಏಳುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ.

ದ್ರವ ಬದಲಿಸುವಾಗ ಟ್ಯಾಂಕ್ ಬರಿದಾಗಲು ಬಿಡಬಾರದು. ಬಿಟ್ಟರೆ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೋಗುತ್ತದೆ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಘಟಕಕ್ಕೆ ಸೇರಿದರೆ ಅದರ ವಾಲ್ವ್ ತೆರೆಸಲು ಎಷ್ಟೋ ಕಾರುಗಳಲ್ಲಿ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಎಲ್ಲ ಮುಗಿದ ಮೇಲೆ ಪೆಡಲ್ ಒತ್ತಿ ಹಿಡಿದು ನೋಡಿ. ಗಟ್ಟಿಯಾಗಿ ನಿಂತು ಆಮೇಲೆ ಮೆಲ್ಲಗೆ ಇಳಿಯುತ್ತ ಹೋದರೆ ತಪ್ಪು ಗಾಳಿಯದಲ್ಲ. ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಸವೆದಿದೆ. ಅದಕ್ಕೆ ಬ್ಲೀಡಿಂಗ್ ಮದ್ದಲ್ಲ.