ವಾಪಸ್ ಹಾಕಿದ್ದೀವಲ್ಲ ಆಡಿಟ್ರೇ

ಮಳೆ ಹಿಡಿಯುವ ಹೊತ್ತಿಗೆ ಹಾಸನದ ನನ್ನ ಆಫೀಸಿಗೆ ಟ್ರಸ್ಟ್‌ನವರು ಚೀಲ ಹಿಡಿದು ಬರಲು ಶುರು ಮಾಡುತ್ತಾರೆ. ದೇವಸ್ಥಾನದ ಸಮಿತಿ, ಮಠದ ಹಾಸ್ಟೆಲ್, ಚರ್ಚಿನವರು ನಡೆಸುವ ವೃದ್ಧಾಶ್ರಮ, ಮಸೀದಿ ಕಮಿಟಿಯ ಶಾಲೆ, ಎಲ್ಲರೂ. ಪಾಸ್‌ಬುಕ್ ತಿರುವಿ ಹಾಕುತ್ತಾ ಹೋದರೆ ಎಲ್ಲೋ ಒಂದು ಕಡೆ ಸರ್ಕಾರದ ಅನುದಾನದಿಂದ ಎರಡೋ ಮೂರೋ ಲಕ್ಷ ಹೊರಗೆ ಹೋಗಿರುತ್ತದೆ. ಕೆಲವು ತಿಂಗಳಾದ ಮೇಲೆ ಅಷ್ಟೇ ದುಡ್ಡು ಒಳಗೆ ಬಂದಿರುತ್ತದೆ. ಏನಿದು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ವಾಪಸ್ ಹಾಕಿದ್ದೀವಲ್ಲ ಆಡಿಟ್ರೇ!"

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಕಳ್ಳರಾಗಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಇವರು ಒಳ್ಳೆಯವರು.

ಆಲೂರು ಕಡೆಯ ಒಂದು ಟ್ರಸ್ಟ್ ಇದೆ. ದೇವಸ್ಥಾನವೂ ಅವರದೇ, ಪಕ್ಕದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೂ ಅವರದೇ. ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಹಾಸ್ಟೆಲಿನ ಅಕ್ಕಿ ಮುಗಿದರೆ ತಮ್ಮ ಪೆನ್ಷನ್ನಿನಲ್ಲಿ ತರಿಸುವ ಮನುಷ್ಯ. ಸ್ನಾನದ ಮನೆ ಮತ್ತು ಶೌಚಾಲಯ ಕಟ್ಟಿಸಲು ಅನುದಾನದ ಮೊದಲ ಕಂತು ಜನವರಿಯಲ್ಲಿ ಬಂತು. ಮಾರ್ಚಿನಲ್ಲಿ ಜಾತ್ರೆ. ತೇರಿನ ಒಂದು ಚಕ್ರ ಬಿರುಕು ಬಿಟ್ಟಿತ್ತು, ಆಚಾರಿಗೆ ಮುಂಗಡ ಕೊಡಬೇಕಿತ್ತು, ದೇವಸ್ಥಾನದ ಖಾತೆಯಲ್ಲಿ ದುಡ್ಡಿರಲಿಲ್ಲ. ಜಾತ್ರೆಯ ಕಾಣಿಕೆ ಬಂದ ಕೂಡಲೇ ತುಂಬಿದರಾಯಿತು ಎಂದು ಸಮಿತಿಯವರು ಎರಡು ಲಕ್ಷದ ಎಂಬತ್ತು ಸಾವಿರ ತೆಗೆದರು. ಮೇ ತಿಂಗಳಲ್ಲಿ ಪೂರ್ತಿ ತುಂಬಿದರು. ಯಾರೂ ಒಂದು ಪೈಸೆ ತಿಂದಿಲ್ಲ. ಆದರೆ ಏಪ್ರಿಲಿನಲ್ಲೇ ಇಲಾಖೆಯವರು ಬಂದು ನೋಡಿದ್ದರು. ಆಗ ಅಲ್ಲಿದ್ದದ್ದು ಪಾಯಕ್ಕೆ ತೆಗೆದ ಗುಂಡಿ ಮಾತ್ರ. ಎರಡನೇ ಕಂತು ನಿಂತಿತು.

ಆ ವರ್ಷ ಆಷಾಢದಲ್ಲಿ ನಾನೇ ಅಲ್ಲಿಗೆ ಹೋಗಿದ್ದೆ. ಬೆಳಗ್ಗೆ ಐದೂವರೆ, ಸಣ್ಣಗೆ ಮಳೆ. ನಾಲ್ಕು ಕಂಬಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದರು. ಹೊರಗೆ ಬಕೆಟ್ ಹಿಡಿದು ಹುಡುಗಿಯರ ಸಾಲು. ಗಾಳಿಗೆ ಟಾರ್ಪಾಲು ಹಾರದ ಹಾಗೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅದರ ಮೂಲೆ ಹಿಡಿದು ನಿಂತಿದ್ದಳು, ಒಳಗಿದ್ದವಳು ಮುಗಿಸಿ ಬರುವವರೆಗೂ. ಅವಳ ಲಂಗ ಮೊಣಕಾಲಿನವರೆಗೂ ಒದ್ದೆ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ.

ಈಗ ನೀವು ಹೇಳಿ, ದುಡ್ಡು ವಾಪಸ್ ಬಂತು ಸರಿ, ಕಳೆದುಹೋದ ಸಮಯ ವಾಪಸ್ ಬಂತಾ?

ಇದನ್ನು ನಾನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಅದಕ್ಕೇ ನಿಧಾನವಾಗಿ ಇನ್ನೊಂದು ಸಲ ಹೇಳುತ್ತೇನೆ. ಪಕ್ಕದ ಮನೆಯವರು ಮಗಳ ಮದುವೆಗೆಂದು ಮಾಡಿಸಿದ ಒಡವೆಯನ್ನು ನಿಮ್ಮ ಮನೆಯಲ್ಲಿಟ್ಟು ಊರಿಗೆ ಹೋಗಿದ್ದಾರೆ. ನೀವು ಅದನ್ನು ಗಿರವಿ ಇಟ್ಟು ದೇವರ ಕಾರ್ಯವನ್ನೇ ಮಾಡಿದಿರಿ. ಅವರು ಬರುವಷ್ಟರಲ್ಲಿ ಬಿಡಿಸಿ ತಂದಿಟ್ಟಿರಿ. ತೂಕದಲ್ಲಿ ಒಂದು ಗುಂಜಿಯೂ ಕಡಿಮೆ ಇಲ್ಲ. ವಿಷಯ ಗೊತ್ತಾದ ಮೇಲೆ ಅವರು ಇನ್ನೊಮ್ಮೆ ನಿಮ್ಮ ಮನೆಯಲ್ಲಿ ಒಡವೆ ಇಡುತ್ತಾರಾ? ಅನುದಾನವೂ ಅಷ್ಟೇ. ಖಾತೆ ನಿಮ್ಮ ಹೆಸರಲ್ಲಿದೆ, ಚೆಕ್ಕಿಗೆ ನಿಮ್ಮದೇ ಸಹಿ, ಆದರೆ ಸ್ನಾನದ ಮನೆ ಎದ್ದು ನಿಲ್ಲುವವರೆಗೆ ಆ ದುಡ್ಡು ನಿಮ್ಮದಲ್ಲ.

ಇನ್ನೂ ಒಂದು ಮಾತಿದೆ, ನನಗೆ ಅದೇ ಮುಖ್ಯ. ಅದು ತೆರಿಗೆ ದುಡ್ಡು. ಸಕಲೇಶಪುರದ ಅಂಗಡಿಯಲ್ಲಿ ಸೋಪು ಕೊಂಡ ಪ್ರತಿಯೊಬ್ಬರದ್ದೂ ಅದರಲ್ಲಿ ಪಾಲಿದೆ. ನಿಮ್ಮ ದೇವರಿಗೆ ಕೈ ಮುಗಿಯುವವರದ್ದೂ ಇದೆ, ಬೇರೆ ದೇವರನ್ನು ನಂಬುವವರದ್ದೂ ಇದೆ, ಯಾವ ದೇವರನ್ನೂ ನಂಬದವರದ್ದೂ ಇದೆ. ಯಾವುದೋ ಒಂದು ಧರ್ಮವನ್ನು ಬೆಳೆಸಲು ಅಥವಾ ನಡೆಸಲು ಎಂದೇ ತೆಗೆದಿಡುವ ತೆರಿಗೆಯನ್ನು ಕಟ್ಟಿ ಎಂದು ಯಾರನ್ನೂ ಒತ್ತಾಯಿಸುವ ಹಾಗಿಲ್ಲ. ಸಂವಿಧಾನದ 27ನೇ ವಿಧಿ ಹೇಳುವುದು ಇದನ್ನೇ. ಧಾರ್ಮಿಕ ಸಂಸ್ಥೆ ಹಾಸ್ಟೆಲ್ ನಡೆಸಿದರೆ ಅದಕ್ಕೆ ನೆರವು ಕೊಡಬಾರದು ಎಂದು ಅದು ಹೇಳುವುದಿಲ್ಲ. ಇನ್ನು 30ನೇ ವಿಧಿ ನೋಡಿ. ಶಾಲೆ ಅಲ್ಪಸಂಖ್ಯಾತರ ಕೈಯಲ್ಲಿದೆ ಎಂಬ ಕಾರಣಕ್ಕೆ ನೆರವು ಕೊಡುವಾಗ ಭೇದ ಮಾಡಬಾರದು ಎಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. ಹಾಗಾಗಿ ಸರ್ಕಾರ ಮತ್ತು ಧರ್ಮದ ನಡುವಿನ ಗೋಡೆ ನಮ್ಮಲ್ಲಿ ಬಹಳಷ್ಟು ಸಲ ಟ್ರಸ್ಟಿನ ಲೆಕ್ಕದ ಪುಸ್ತಕದ ಒಳಗೇ ಹಾದುಹೋಗುತ್ತದೆ. ಹಾಸ್ಟೆಲ್ ಪುಟದಿಂದ ತೇರಿನ ಪುಟಕ್ಕೆ ದುಡ್ಡು ದಾಟಿಸಿದಿರೋ, ಗೋಡೆ ಒಡೆದವರು ನೀವೇ.

ಗೋಡೆ ಎಂದಾಗ ನೆನಪಾಯಿತು. ಅಮೆರಿಕದಲ್ಲಿ ಚರ್ಚಿಗೆ ಸರ್ಕಾರದ ದುಡ್ಡು ಮುಟ್ಟುವಂತೆಯೇ ಇಲ್ಲವಂತೆ, ನಾವು ತಗೊಂಡರೆ ತಪ್ಪಾಗುತ್ತಾ ಎಂದು ಚಿಕ್ಕಮಗಳೂರಿನ ವೃದ್ಧಾಶ್ರಮದವರೊಬ್ಬರು ಗಾಬರಿಯಲ್ಲಿ ಕೇಳಿದ್ದರು. ಚರ್ಚು ಮತ್ತು ಸರ್ಕಾರದ ನಡುವೆ ಗೋಡೆ ಎಂಬ ಆ ಮಾತು ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಜೆಫರ್ಸನ್ 1802ರಲ್ಲಿ ಬರೆದ ಒಂದು ಕಾಗದದ್ದು. ಅಲ್ಲೂ ಈಗ ವಿಷಯ ಅಷ್ಟು ಸರಳವಾಗಿಲ್ಲ. ಮಿಸ್ಸೋರಿ ರಾಜ್ಯದ ಒಂದು ಚರ್ಚಿನ ಶಿಶುವಿಹಾರ ಮಕ್ಕಳ ಆಟದ ಜಾಗಕ್ಕೆ ಹಳೇ ಟೈರಿನ ರಬ್ಬರ್ ಹಾಸಲು ನೆರವು ಕೇಳಿತ್ತು. ಚರ್ಚು ಎಂಬ ಒಂದೇ ಕಾರಣಕ್ಕೆ ಅದನ್ನು ಹೊರಗಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಅಜ್ಜಿಯರ ಮನೆಗೆ ಧೈರ್ಯವಾಗಿ ಅರ್ಜಿ ಹಾಕಿ ಅಂದೆ.

ಇನ್ನು ಕೆಲವರು ವಾದಕ್ಕೆ ಬರುತ್ತಾರೆ. "ಸರ್ಕಾರವೇ ಅರ್ಚಕರಿಗೆ ಪೂಜೆಗೆ ಅಂತ ವರ್ಷವರ್ಷ ತಸ್ತೀಕ್ ಕೊಡಲ್ವಾ? ಕೇರಳ ಸರ್ಕಾರ ದೇವಸ್ಥಾನ ನೋಡಿಕೊಳ್ಳೋ ದೇವಸ್ವಂಗೆ ಕೊಡಲ್ವಾ?" ಕೊಡುತ್ತದೆ. ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ಎಂದು ಸಂವಿಧಾನದ 290ಎ ವಿಧಿಯಲ್ಲೇ ಬರೆದಿದೆ. ತಸ್ತೀಕಿಗೂ ದೇವಸ್ಥಾನಗಳು ಕಳೆದುಕೊಂಡ ಇನಾಂ ಜಮೀನಿನ ಹಿನ್ನೆಲೆ ಇದೆ. ಹಜ್ ಸಬ್ಸಿಡಿ ಪ್ರಶ್ನಿಸಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, ತೆರಿಗೆಯ ಒಂದು ಸಣ್ಣ ಪಾಲು ಹೀಗೆ ಹೋದ ಮಾತ್ರಕ್ಕೆ 27ನೇ ವಿಧಿ ಮುರಿದಂತಲ್ಲ ಎಂದಿತು. ಹಾಗಾಗಿ ನೀವು ತೆಗೆದ ಎರಡು ಲಕ್ಷ ಸಂವಿಧಾನಕ್ಕೇ ವಿರುದ್ಧ ಎಂದು ನಾನು ಹೇಳುವುದಿಲ್ಲ, ಅದು ನನ್ನ ಕೆಲಸವೂ ಅಲ್ಲ. ನಾನು ನೋಡುವುದು ನಿಮ್ಮ ಮಂಜೂರಾತಿ ಆದೇಶ. ಅದರಲ್ಲಿ ತೇರು ಎಂದು ಬರೆದಿದೆಯಾ? ಇಲ್ಲ ಅಲ್ವಾ?

ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ಟ್ರಸ್ಟು ಆದಾಯದ ಶೇ. 5ರವರೆಗೆ ಧಾರ್ಮಿಕ ಖರ್ಚು ಮಾಡಬಹುದು ಎಂದು ಎಲ್ಲೋ ಕೇಳಿಕೊಂಡು ಬಂದು ಅದನ್ನು ಅನುದಾನಕ್ಕೂ ಹಚ್ಚುವವರಿದ್ದಾರೆ. ಅದು ಆದಾಯ ತೆರಿಗೆಯ ಲೆಕ್ಕ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ, ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಖರ್ಚಾಗಿದೆ ಎಂದು ನಾನು ಹೇಳಬೇಕು. ನಡುವೆ ಸುಮ್ನೆ ತೇರಿಗೆ ಹೋಗಿ ಬಂತು ಎಂದು ಬರೆಯಲು ಅದರಲ್ಲಿ ಜಾಗವಿಲ್ಲ, ಬರೆಯದೆ ಮುಚ್ಚಿಡಲು ನನಗೆ ಆಗುವುದಿಲ್ಲ. ಕೇಂದ್ರದ ಅನುದಾನವಾದರೆ 2017ರ ಹಣಕಾಸು ನಿಯಮಗಳ ಪ್ರಕಾರ ಅದರ ಮೇಲೆ ಬಂದ ಬಡ್ಡಿಯೂ ಸರ್ಕಾರಕ್ಕೇ ಹೋಗಬೇಕು, ಹಾಗಿರುವಾಗ ಅಸಲನ್ನು ಕೈಸಾಲ ಅಂತ ತಗೊಳ್ಳುವುದು ಹೇಗೆ? ರಾಜ್ಯದ ಯೋಜನೆಗಳ ಷರತ್ತು ಒಂದೊಂದಕ್ಕೂ ಬೇರೆ ಬೇರೆ. ನಿಮ್ಮ ಆದೇಶ ನೋಡದೆ ನಾನು ಖಚಿತವಾಗಿ ಏನೂ ಹೇಳಲಾರೆ, ದಯವಿಟ್ಟು ಫೋನಿನಲ್ಲಿ ಕೇಳಬೇಡಿ, ಆದೇಶ ತನ್ನಿ.

ಪ್ರತ್ಯೇಕ ಖಾತೆ ತೆರೆಯಿರಿ. ಗುಜರಿ ಅಂಗಡಿ ಇಟ್ಟುಕೊಂಡಿರುವ ಮಸೀದಿ ಕಮಿಟಿಯ ಖಜಾಂಚಿಯೊಬ್ಬರು ಶಾಲೆಯ ಅನುದಾನದ ಪಾಸ್‌ಬುಕ್ಕಿನ ರಟ್ಟಿನ ಮೇಲೆ ಮಾರ್ಕರ್ ಪೆನ್ನಲ್ಲಿ "ಮಕ್ಕಳದ್ದು, ಮುಟ್ಟಬೇಡಿ" ಎಂದು ದಪ್ಪಗೆ ಬರೆದಿದ್ದಾರೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ಅವರ ಲೆಕ್ಕ ನೋಡಲು ನನಗೆ ಅರ್ಧ ದಿನ ಸಾಕು.

ಈಗಾಗಲೇ ತೆಗೆದುಬಿಟ್ಟಿದ್ದರೆ, ಕಾಣಿಕೆ ಬರಲಿ ಅಂತ ಕಾಯಬೇಡಿ. ಎಲ್ಲಿಂದಾದರೂ ಹೊಂದಿಸಿ ತುಂಬಿ. ಯಾವ ತಾರೀಕು, ಎಷ್ಟು, ಯಾತಕ್ಕೆ ತೆಗೆದಿರಿ ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ಇಲಾಖೆಗೆ ನೀವೇ ಕಾಗದ ಬರೆಯಿರಿ. ಅವರೇ ಕಂಡುಹಿಡಿದ ಮೇಲೆ ಹೇಳುವುದಕ್ಕಿಂತ ಅದು ಎಷ್ಟೋ ಮೇಲು. ಕ್ರಮವೇ ಇರುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ.

ಮೇಷ್ಟ್ರು ತಡವಾಗಿಯಾದರೂ ಹಾಗೇ ಬರೆದರು, ಮೂರು ಪುಟ, ತಮ್ಮ ಕೈಬರಹದಲ್ಲೇ. ಎರಡನೇ ಕಂತು ಬರಲು ಒಂದೂವರೆ ವರ್ಷ ಹಿಡಿಯಿತು. ಈಗ ಅಲ್ಲಿ ಎಂಟು ನಲ್ಲಿ, ಒಳಗಿನಿಂದ ಚಿಲಕ ಇರುವ ಬಾಗಿಲುಗಳು. ಹೋದ ಸಲ ಹೋದಾಗ ಆ ನೀಲಿ ಟಾರ್ಪಾಲನ್ನು ಸೌದೆಗೆ ಹೊದಿಸಿದ್ದರು. ಮೂಲೆ ಹಿಡಿದು ನಿಂತಿದ್ದ ಹುಡುಗಿ ಅಷ್ಟರಲ್ಲಿ ಹಾಸ್ಟೆಲ್ ಬಿಟ್ಟು ಹೋಗಿಯಾಗಿತ್ತು.