ಜೋರ್ಡಾನೊ ಬ್ರೂನೊ ಕುಳಿಗೆ ಎಂಟುನೂರು ವರ್ಷವಲ್ಲ

1178ರ ಜೂನ್ 18ರ ಸಂಜೆ ಇಂಗ್ಲೆಂಡಿನಲ್ಲಿ ಕೆಲವರು ಬಿದಿಗೆ ಚಂದ್ರನ ಮೇಲ್ತುದಿ ಸೀಳಿ ಬೆಂಕಿ ಚಿಮ್ಮಿದ್ದನ್ನು ಕಂಡರಂತೆ. ಕ್ಯಾಂಟರ್‌ಬರಿಯ ಸನ್ಯಾಸಿ ಗರ್ವೇಸ್ ಅದನ್ನು ತನ್ನ ವೃತ್ತಾಂತದಲ್ಲಿ ಬರೆದಿಟ್ಟ. 1976ರಲ್ಲಿ ಜ್ಯಾಕ್ ಹಾರ್ಟಂಗ್ ಎಂಬ ಭೂವಿಜ್ಞಾನಿ, ಅವರು ಕಂಡದ್ದು ಆಕಾಶದ ಬಂಡೆ ಬಡಿದು ಚಂದ್ರನ ಮೇಲೆ ಜೋರ್ಡಾನೊ ಬ್ರೂನೊ ಎಂಬ ಕುಳಿ ಹುಟ್ಟಿದ ಕ್ಷಣವನ್ನೇ ಇರಬಹುದು ಎಂದ. ಕಥೆ ಚೆನ್ನಾಗಿದೆ, ಅದಕ್ಕೇ ಇನ್ನೂ ಸಾಯುತ್ತಿಲ್ಲ. ಚಂದ್ರನ ಸುತ್ತ ತಿರುಗುವ ಕ್ಯಾಮೆರಾಗಳು ಹೇಳುವುದೇ ಬೇರೆ.

ಕುಳಿಯ ಅಗಲ 22 ಕಿ.ಮೀ.; ಚಂದ್ರನ ಲೆಕ್ಕದಲ್ಲಿ ಚಿಕ್ಕದು. ಇರುವುದು ಸುಮಾರು 36 ಡಿಗ್ರಿ ಉತ್ತರ, 103 ಡಿಗ್ರಿ ಪೂರ್ವದಲ್ಲಿ. ನಮಗೆ ಕಾಣುವ ಅಂಚು 90 ಡಿಗ್ರಿಗೆ ಮುಗಿಯುತ್ತದೆ. ಚಂದ್ರ ಓಲಾಡುವುದರಿಂದ ಆಗೊಮ್ಮೆ ಈಗೊಮ್ಮೆ ಆ ಭಾಗ ಇಣುಕಿದರೂ ಕಾಣುವುದು ಓರೆಯಾಗಿ. ಹಿಂಬದಿಯೆಂದರೆ ಸದಾ ಕತ್ತಲೆ ಎಂದುಕೊಂಡವರಿದ್ದಾರೆ. ಅಲ್ಲೂ ಎರಡು ವಾರ ಹಗಲು, ಎರಡು ವಾರ ರಾತ್ರಿ. ಇಲ್ಲದಿರುವುದು ಭೂಮಿಯ ಜೊತೆ ನೇರ ರೇಡಿಯೋ ಸಂಪರ್ಕ. ನೌಕೆ ಚಿತ್ರಗಳನ್ನು ಮೆಮೊರಿಯಲ್ಲಿಟ್ಟುಕೊಂಡು ಈಚೆ ಬಂದ ಮೇಲೆ ಕಳಿಸುತ್ತದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ಆಂಟೆನಾಗಳಿಗೆ ಚಂದ್ರಯಾನ-2 ತೆಗೆದ ಹಿಂಬದಿಯ ಚಿತ್ರಗಳು ಬರುವುದೂ ಹೀಗೆಯೇ.

ಇಂಥ ಚಿತ್ರ ಓದುವಾಗ ಮೊದಲು ಕೇಳಬೇಕಾದ್ದು ಸೂರ್ಯ ಎಲ್ಲಿದ್ದ ಎಂದು. 1959ರ ಅಕ್ಟೋಬರ್ 7ರಂದು ಸೋವಿಯತ್ ನೌಕೆ ಲೂನಾ-3 ಹಿಂಬದಿಯ ಮೊದಲ ಚಿತ್ರಗಳನ್ನು ತೆಗೆದು, ಫಿಲಂ ಅನ್ನು ನೌಕೆಯೊಳಗೇ ತೊಳೆದು, ಸ್ಕ್ಯಾನ್ ಮಾಡಿ ಕಳಿಸಿತು. ಸೂರ್ಯ ನೌಕೆಯ ಬೆನ್ನ ಕಡೆಗಿದ್ದ. ಹೀಗಾಗಿ ನೆರಳೇ ಬೀಳದೆ, ನೆಲದ ಬಿಳುಪು ಕಪ್ಪು ಮಾತ್ರ ಮೂಡಿತು. ಒಂದು ಉದ್ದನೆಯ ಬಿಳಿ ಪಟ್ಟೆಗೆ ‘ಸೋವಿಯತ್ ಪರ್ವತಗಳು’ ಎಂದು ಹೆಸರಿಟ್ಟೂ ಆಯಿತು. ಅಲ್ಲಿ ಪರ್ವತವೇ ಇರಲಿಲ್ಲ, ಕುಳಿ ಹುಟ್ಟುವಾಗ ದೂರಕ್ಕೆ ಚಿಮ್ಮಿದ ಬಿಳಿ ಪುಡಿಯ ಗೆರೆಗಳಿದ್ದವು.

ನೆತ್ತಿಯ ಬಿಸಿಲಿನ ಚಿತ್ರ ಇಂಥ ಗೆರೆಗಳಿಗೆ ಒಳ್ಳೆಯದು, ಉಬ್ಬುತಗ್ಗಿಗೆ ಅಲ್ಲ. ಸಣ್ಣ ಕುಳಿಗಳನ್ನು ಎಣಿಸಬೇಕಾದರೆ ಸೂರ್ಯ ದಿಗಂತದಿಂದ 10ರಿಂದ 30 ಡಿಗ್ರಿ ಮೇಲಿರಬೇಕು. ಸೂರ್ಯ 15 ಡಿಗ್ರಿಯಲ್ಲಿದ್ದಾಗ ಬಂಡೆಯೊಂದರ ನೆರಳು ಸಮತಟ್ಟು ನೆಲದ ಮೇಲೆ 100 ಮೀಟರ್ ಚಾಚಿದ್ದರೆ, ಬಂಡೆಯ ಎತ್ತರ ಸುಮಾರು 27 ಮೀಟರ್. ಕುಳಿಗಳು ಗುಳ್ಳೆಗಳಂತೆ ಕಂಡರೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ: ಬೆಳಕು ಮೇಲಿನಿಂದಲೇ ಬರುತ್ತದೆಂದು ಮಿದುಳು ಹಟ ಹಿಡಿದಿರುತ್ತದೆ.

ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆಯ ಕಿರುನೋಟದ ಕ್ಯಾಮೆರಾ 50 ಕಿ.ಮೀ. ಎತ್ತರದಿಂದ ಅರ್ಧ ಮೀಟರಿಗೊಂದು ಪಿಕ್ಸೆಲ್‌ನಂತೆ, ಗೆರೆಗೆರೆಯಾಗಿ ಚಿತ್ರ ತೆಗೆಯುತ್ತದೆ. ನೌಕೆಯ ವೇಗ ಸೆಕೆಂಡಿಗೆ 1.6 ಕಿ.ಮೀ., ಹಾಗಾಗಿ ಒಂದು ಗೆರೆಗೆ ಸಿಗುವುದು ಸೆಕೆಂಡಿನ ಮೂರು ಸಾವಿರದಲ್ಲೊಂದು ಭಾಗ. ಪಟ್ಟಿಯ ಅಗಲ 5 ಕಿ.ಮೀ. ಆದರೆ ನೌಕೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಕೆಳಗಿನ ನೆಲ ಸಮಭಾಜಕದಲ್ಲಿ ಸುಮಾರು 30 ಕಿ.ಮೀ. ಸರಿದಿರುತ್ತದೆ. ಪೂರ್ತಿ ಕುಳಿ ಬೇಕೆಂದರೆ ತಿಂಗಳುಗಟ್ಟಲೆ ಪಟ್ಟಿಗಳನ್ನು ಹೊಲಿಯಬೇಕು. ಒಂದೊಂದರ ಬಿಸಿಲೂ ಬೇರೆ, ಜೋಡಣೆಯಲ್ಲಿ ನೆರಳು ತಟ್ಟನೆ ದಿಕ್ಕು ಬದಲಿಸಿದರೆ ಗಾಬರಿ ಬೇಡ.

ವಯಸ್ಸು ಹೇಳುವ ಉಪಾಯ ರಸ್ತೆಗುಂಡಿಯ ಲೆಕ್ಕದಂಥದು: ಹೊಸ ಡಾಂಬರಿನಲ್ಲಿ ಗುಂಡಿ ಕಡಿಮೆ, ಹಳೆಯದರಲ್ಲಿ ಹೆಚ್ಚು. ಜೋರ್ಡಾನೊ ಬ್ರೂನೊ ಸುತ್ತ ಚಿಮ್ಮಿ ಹರಡಿದ ಹೊದಿಕೆಯೇ ಆ ಡಾಂಬರು. ಜಪಾನಿನ ಕಗುಯಾ ನೌಕೆ ತೆಗೆದ, 10 ಮೀಟರ್ ವಿವರವಿರುವ ಚಿತ್ರಗಳಲ್ಲಿ ಕುಳಿಗಳನ್ನು ಎಣಿಸಿದ ತಂಡ 2009ರಲ್ಲಿ ಕೊಟ್ಟ ಉತ್ತರ 10 ಲಕ್ಷದಿಂದ 1 ಕೋಟಿ ವರ್ಷ. ಭೂವಿಜ್ಞಾನಕ್ಕೆ ಇದು ನಿನ್ನೆಯ ಮಾತು, ಗರ್ವೇಸನಿಗಂತೂ ನಿಲುಕದ್ದು.

ಆದರೆ ಗುತ್ತಿಗೆದಾರ ರಸ್ತೆ ಹಾಕಿದ ದಿನವೇ ಗುಂಡಿ ಬಿಟ್ಟಿದ್ದರೆ? ಇಲ್ಲೂ ಹಾಗಾಗುತ್ತದೆ. ನೆಟ್ಟಗೆ ಮೇಲೆ ಚಿಮ್ಮಿದ ಬಂಡೆಗಳು ಸ್ವಲ್ಪ ಹೊತ್ತಿಗೆ ಮರಳಿ ಬಿದ್ದು, ಆಗತಾನೆ ಹರಡಿದ ಹೊದಿಕೆಯಲ್ಲೇ ಕುಳಿ ತೋಡುತ್ತವೆ. ಒಂದೇ ದಿನ ಹರಡಿದ ನೆಲದಲ್ಲಿ ಒಂದು ಕಡೆ ಕುಳಿಗಳು ದಟ್ಟವಾಗಿ, ಇನ್ನೊಂದು ಕಡೆ ವಿರಳವಾಗಿ ಇರುವುದಕ್ಕೆ ಇದೇ ಕಾರಣವೆಂದು 2019ರಲ್ಲಿ ಪ್ಲೆಷಾ ಮತ್ತು ರಾಬಿನ್ಸನ್ ಎಂಬ ವಿಜ್ಞಾನಿಗಳು ವಾದಿಸಿದರು. ಅವನ್ನೂ ಸೇರಿಸಿ ಎಣಿಸಿದರೆ ಕುಳಿಯ ವಯಸ್ಸು ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ.

ಹಾಗಾದರೆ 1178ಕ್ಕೆ ಮತ್ತೆ ಬಾಗಿಲು ತೆರೆಯಿತೇ? ಇಲ್ಲ. ಅಂಥ ಡಿಕ್ಕಿಯಿಂದ ಸುಮಾರು 1 ಕೋಟಿ ಟನ್ ಚೂರು ಭೂಮಿಯತ್ತ ಬಂದು, ವಾರವಿಡೀ ಉಲ್ಕೆಗಳ ಬಿರುಮಳೆ ಸುರಿಯಬೇಕಿತ್ತು ಎಂದು ಪಾಲ್ ವಿದರ್ಸ್ ಎಂಬ ಸಂಶೋಧಕ 2001ರಲ್ಲಿ ಲೆಕ್ಕ ಹಾಕಿದ. ಆಕಾಶದ ಸಣ್ಣ ಪುಟ್ಟದ್ದನ್ನೂ ಬರೆದಿಡುತ್ತಿದ್ದ ಚೀನಾ, ಜಪಾನ್, ಕೊರಿಯಾ, ಅರಬರ ದಾಖಲೆಗಳಲ್ಲಿ ಅದರ ಸುಳಿವಿಲ್ಲ. ಕ್ಯಾಂಟರ್‌ಬರಿಯ ದೃಷ್ಟಿರೇಖೆಯಲ್ಲಿ, ಚಂದ್ರನ ಎದುರಿಗೇ ಉರಿದ ಉಲ್ಕೆಯೊಂದು ಸಾಕು ಆ ನೋಟಕ್ಕೆ. ಅಂದಹಾಗೆ ಎಲ್‌ಆರ್‌ಒ ಉಡಾವಣೆಯಾದದ್ದೂ ಜೂನ್ 18ರಂದೇ, 2009ರಲ್ಲಿ. ಶಕುನ ಹುಡುಕುವವರು ಗಮನಿಸಬೇಕು: ಗರ್ವೇಸನದು ಹಳೆಯ ಜೂಲಿಯನ್ ಪಂಚಾಂಗ, ಇಂದಿನ ಲೆಕ್ಕಕ್ಕೆ ಜೂನ್ 25.

ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತುವ ಕಾಮೋಓಅಲೇವಾ ಎಂಬ ಪುಟ್ಟ ಕ್ಷುದ್ರಗ್ರಹ ಇದೇ ಕುಳಿಯಿಂದ ಹಾರಿದ ತುಂಡಿರಬಹುದೆಂದು 2024ರಲ್ಲಿ ಒಂದು ತಂಡ ಸೂಚಿಸಿತು. ಅದರ ಚೂರು ತರಲು ಚೀನಾದ ಥಿಯೆನ್ವೆನ್-2 ನೌಕೆ 2025ರ ಮೇನಲ್ಲಿ ಹೊರಟಿದೆ. ಚೂರು ಸಿಕ್ಕಿ, ಅದು ಚಂದ್ರನದೇ ಎಂದಾದರೆ, ಡಿಕ್ಕಿಯ ಬಿಸಿಗೆ ಶಿಲೆಯಿಂದ ಆರ್ಗಾನ್ ಅನಿಲ ಹೊರಹೋದ ಕಾಲವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಎಣಿಕೆಯ ಜಗಳಕ್ಕೆ ಆಗ ಹೋಲಿಸಿ ನೋಡಲು ಬೇರೊಂದು ಗಡಿಯಾರ ಸಿಕ್ಕಂತಾಗುತ್ತದೆ.